ಕಿನ್ನರಿ ಬಳೆಯೊಳಗಿನ ಹುರಿದ ಮಣ್ಣು

ಮಣ್ಣನ್ನು ಬೆರಳಿನಲ್ಲಿ ಉಜ್ಜಿ ಮೂಸಿದೆ. ಸಣ್ಣದೊಂದು ಸುಟ್ಟ ವಾಸನೆ.

ಮತ್ತೊಮ್ಮೆ ಮೂಸಿದೆ. ಹೌದು, ಸುಟ್ಟದ್ದೇ. ಆರೋಗ್ಯಧಾಮದ ಹುಲ್ಲುಹಾಸಿನಲ್ಲಿ ಬೆಳಗ್ಗೆಯಿಂದ ಹದಿನಾಲ್ಕು ಕಡೆ ಕಬ್ಬಿಣದ ಟೊಳ್ಳು ಕೊಳವೆ ಇಳಿಸಿ ಮಣ್ಣು ತೆಗೆದಿದ್ದೆ. ಹದಿಮೂರು ಕಡೆ ಕಪ್ಪು ಜಿಗುಟು ಮಣ್ಣು, ಬೇರು, ಎರೆಹುಳು. ಹದಿನಾಲ್ಕನೆಯದರಲ್ಲಿ ಮಾತ್ರ ಕೆಂಪಗೆ ಪುಡಿಪುಡಿಯಾಗಿ, ಒಂದು ಹುಳವೂ ಇಲ್ಲದ ಮಣ್ಣು.

ಮಂಜು ಇನ್ನೂ ಹರಿದಿರಲಿಲ್ಲ. ಮಂಡಿಯೂರಿ ಕುಳಿತು ಮುಕ್ಕಾಲು ಗಂಟೆಯಾಗಿತ್ತು, ಅರವತ್ತೊಂದು ವರ್ಷದ ನನ್ನ ಮಂಡಿಗಳು ಬಾಯಿಗೆ ಬಂದಂತೆ ಬೈಯುತ್ತಿದ್ದವು. ಸುತ್ತ ಅಣಬೆಗಳು. ಅಂಗಿಯ ಗುಂಡಿಯಷ್ಟು ಚಿಕ್ಕವು, ಅಂಗೈಯಷ್ಟು ದೊಡ್ಡವು, ಒಂದರ ಪಕ್ಕ ಒಂದು ನಿಂತು ಹುಲ್ಲಿನ ಮೇಲೆ ಒಂದು ದೊಡ್ಡ ಬಳೆ ಬರೆದಿದ್ದವು. ದಕ್ಷಿಣದ ಕಡೆ ಮಾತ್ರ, ನಾನು ಕುಳಿತಲ್ಲಿ, ಬಳೆ ನಾಲ್ಕು ಹೆಜ್ಜೆಯಷ್ಟು ಮುರಿದಿತ್ತು.

ಒಂಬತ್ತು ವರ್ಷದ ಹಿಂದೆ, ಇಂಥದೇ ಒಂದು ಬೆಳಗ್ಗೆ, ಈ ಧಾಮದ ನರ್ಸೊಬ್ಬಳು ಈ ಬಳೆಯೊಳಗೆ ಕಾಲಿಟ್ಟಳು. ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಇಷ್ಟು ಗೊತ್ತಿದ್ದರೆ ಸಾಕು, ಮಿಕ್ಕದ್ದನ್ನು ನಾನು ಹೇಳುತ್ತೇನೆ.

ವರಾಂಡದಲ್ಲಿ ಕಂಬಳಿ ಹೊದ್ದು ಸಾಲಾಗಿ ಮಲಗಿದ್ದ ರೋಗಿಗಳು ಅವತ್ತು ಅದನ್ನು ಕಣ್ಣಾರೆ ಕಂಡಿದ್ದರು. ಬಿಳಿ ಬಟ್ಟೆ, ಬಿಳಿ ಅಣಬೆ, ಬಿಳಿ ಮಂಜು. ಅವಳು ನಡೆದು ಬಂದಳು, ಬಳೆ ದಾಟಿದಳು, ಮಂಜು ಮುಚ್ಚಿಕೊಂಡಿತು, ಮಂಜು ಸರಿದಾಗ ಹುಲ್ಲು ಮಾತ್ರ ಇತ್ತು. ಎದೆಯ ಬೇನೆಯವರು, ಜ್ವರದವರು, ಅರೆನಿದ್ದೆಯಲ್ಲಿದ್ದವರು. ಅವರ ಹೇಳಿಕೆಗಳನ್ನು ಓದುತ್ತ ಹೋದರೆ ಓದುವವರಿಗೂ ಕಣ್ಣು ಎಳೆಯುತ್ತದೆ. ಅವಳು ಕಿನ್ನರಿಯರ ಪಾಲಾದಳೆಂದು ಏಳು ಜನ ಸಹಿ ಮಾಡಿದ್ದರು. ಪೊಲೀಸು ಕಡತದಲ್ಲಿ ಕಿನ್ನರಿಯರು ಬಂದದ್ದು ನಾನು ಕಂಡಂತೆ ಇದೊಂದೇ ಸಲ.

ಕಡತ ಈಗ ನನ್ನ ತಮ್ಮನ ಮೇಜಿಗೆ ಬಂದಿದೆ. ಅವನು ಇನ್ಸ್‌ಪೆಕ್ಟರು. ಕೈಲಾಗದ ಕೆಲಸ ಬಂದಾಗಲೆಲ್ಲ 'ಅಕ್ಕ, ಒಂದು ಸಣ್ಣ ಕೆಲಸ' ಎಂದು ಮನೆಗೆ ಬರುತ್ತಾನೆ. ಸರ್ವೆ ಕಚೇರಿಯಲ್ಲಿ ಮೂವತ್ತು ವರ್ಷ ವಿಮಾನದಿಂದ ತೆಗೆದ ಫೋಟೋಗಳನ್ನು ಮಸೂರದಡಿ ಇಟ್ಟು ನಕ್ಷೆ ಬರೆದವಳು ನಾನು. ಇಂಥ ಬಳೆಗಳು ಆ ಫೋಟೋಗಳಲ್ಲಿ ಕಪ್ಪು ವೃತ್ತಗಳಾಗಿ ಕಾಣುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಯಾರೋ ಚಹಾ ಲೋಟ ಇಟ್ಟಿದ್ದಾರೆಂದುಕೊಂಡು ಒರೆಸಲು ಹೋಗುತ್ತಿದ್ದರು.

ಅಗೆಯಲು ಧಾಮದ ದೊಡ್ಡ ಡಾಕ್ಟರು ನಾಲ್ಕು ದಿನದ ಹಿಂದೆ ಒಪ್ಪಿಗೆ ಕೊಟ್ಟಿದ್ದರು. ಒಂದೇ ಗುಂಡಿ, ಇವತ್ತು ಮಧ್ಯಾಹ್ನದ ಒಳಗೆ. ತಪ್ಪು ಜಾಗದಲ್ಲಿ ಅಗೆದು ಏನೂ ಸಿಗದಿದ್ದರೆ ಕಡತ ಮುಚ್ಚಿದ ಹಾಗೆಯೇ. ನನ್ನ ತಮ್ಮ ಇಬ್ಬರು ಪೇದೆಗಳನ್ನೂ ಎರಡು ಗುದ್ದಲಿಗಳನ್ನೂ ಕರೆತಂದು ವರಾಂಡದಲ್ಲಿ ಚಹಾ ಕುಡಿಯುತ್ತಿದ್ದ. ಅಳತೆ ಮುಗಿಯುವ ತನಕ ಅವನಿಗೆ ನಾನು ಒಂದಕ್ಷರವನ್ನೂ ಹೇಳುವುದಿಲ್ಲ. ಅರ್ಧ ಮಾತು ಕಿವಿಗೆ ಬಿದ್ದರೆ ಸಾಕು, ಪೂರ್ತಿ ಕೆಲಸ ಕೆಡಿಸುವ ಗಂಡಸು ಅವನು.

ಬಳೆಯ ಹೊರಗೆ, ಹುಲ್ಲಿನ ಮೇಲೆ, ಆ ನರ್ಸಿನ ಮಗಳು ಕುಳಿತಿದ್ದಳು.

ಹತ್ತೊಂಬತ್ತು ವರ್ಷದ ಹುಡುಗಿ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಅಮ್ಮ ಹೋದಮೇಲೆ, ಧಾಮದ ಅಡುಗೆಮನೆಯಲ್ಲಿ ದುಡಿಯುವ ಚಿಕ್ಕಮ್ಮ ಅವಳನ್ನು ಹಿಂದಿನ ಸಾಲುಮನೆಯಲ್ಲಿಟ್ಟುಕೊಂಡು ಸಾಕಿದ್ದಳು. ಚಿಕ್ಕಮ್ಮನಿಗೆ ಈ ಅಗೆತ ಬೇಕಿರಲಿಲ್ಲ. ಬಿಟ್ಟುಹೋದವಳನ್ನು ಮಣ್ಣಲ್ಲಿ ಹುಡುಕಿ ಏನು ಬಂತು ಎಂದು ಗೊಣಗುತ್ತಲೇ, ಎಲ್ಲಿ ಅಗೆಯುತ್ತೀರೆಂದು ಬೆಳಗ್ಗೆಯಿಂದ ಎರಡು ಸಲ ನನ್ನನ್ನು ಕೇಳಿ ಹೋಗಿದ್ದಳು.

ಹುಡುಗಿ ನನ್ನನ್ನು ಆಂಟಿ ಎನ್ನುತ್ತಾಳೆ. ಬೇರೆ ಯಾರಾದರೂ ಹಾಗೆ ಕರೆದಿದ್ದರೆ ನೆಟ್ಟಗೆ ಮಾಡುತ್ತಿದ್ದೆ. ಇವಳಿಗೆ ಹೇಳಲು ಬಾಯಿ ಬಂದಿಲ್ಲ.

"ಆಂಟಿ," ಎಂದಳು, "ಅಮ್ಮ ಇಲ್ಲೇ ಸಿಕ್ಕಿದ್ರೆ ಚೆನ್ನಾಗಿರುತ್ತೆ ಅಂತ ಅನ್ನಿಸ್ತಿದೆ. ಹೀಗೆ ಅನ್ನಿಸೋದು ತಪ್ಪಾ?"

ನನ್ನ ಕೈಯಲ್ಲಿದ್ದ ಮಣ್ಣು ಹಾಗೇ ಉಳಿಯಿತು. ಅವಳು ಹುಲ್ಲಿನ ಎಸಳೊಂದನ್ನು ಬೆರಳಿಗೆ ಸುತ್ತುತ್ತಿದ್ದಳು. ಅಮ್ಮ ಸತ್ತಿದ್ದರೆ ನನ್ನನ್ನು ಬಿಟ್ಟುಹೋಗಿಲ್ಲ ಅಂತಾಯಿತು, ಬದುಕಿದ್ದರೆ ಬಿಟ್ಟುಹೋದಳು ಅಂತಾಯಿತು, ಒಂಬತ್ತು ವರ್ಷದಿಂದ ಇದೊಂದೇ ಲೆಕ್ಕ ಎಂದು ತಲೆಯೆತ್ತದೆ ಹೇಳಿದಳು. ತಪ್ಪಲ್ಲ ಕಣಮ್ಮ ಎಂದೆ, ಅಷ್ಟೇ.

ಅವಳಿಗೆ ಈ ಬಳೆಯ ಕಥೆ ಹೇಳಿ ಬೆಳೆಸಿದವನು ಹುಲ್ಲುಹಾಸು ನೋಡಿಕೊಳ್ಳುವ ಮುದುಕ. ಎಲ್ಲರೂ ಹಸಿರಜ್ಜ ಎನ್ನುತ್ತಾರೆ. ಬೆಳದಿಂಗಳಲ್ಲಿ ಕಿನ್ನರಿಯರು ಕೈಕೈ ಹಿಡಿದು ಕುಣಿಯುತ್ತಾರೆ, ಅವರ ಪಾದ ತಾಗಿದ ಕಡೆ ಅಣಬೆ ಏಳುತ್ತದೆ. ಒಳಗೆ ಕಾಲಿಟ್ಟವರಿಗೆ ಒಂದು ಹಾಡು ಕೇಳಿಸುತ್ತದೆ. ಹಾಡು ಮುಗಿದು ಹೊರಗೆ ಬಂದರೆ ಗುರುತಿನವರೆಲ್ಲ ಮುದುಕರಾಗಿರುತ್ತಾರೆ. ಹೊರಗಿನಿಂದ ಒಂಬತ್ತು ಸುತ್ತು ಬಂದವರಿಗೆ ಒಳಗಿನವರ ಮಾತು ಕೇಳಿಸುತ್ತದೆ. ಹತ್ತು ವರ್ಷದ ಮಗು ಇದನ್ನು ನಂಬಿ, ಶಾಲೆಗೆ ಹೋಗುವ ಮುಂಚೆ ದಿನಾ ಬಂದು ಒಂಬತ್ತು ಸುತ್ತು ಹಾಕುತ್ತಿತ್ತಂತೆ. ನಾಲ್ಕು ವರ್ಷ ಹಾಕಿದೆ, ಆಂಟಿ, ಒಂದು ದಿನವೂ ಏನೂ ಕೇಳಿಸಲಿಲ್ಲ ಎಂದು ನಗುತ್ತಲೇ ಹೇಳಿದ್ದಳು.

ಬಳೆಯ ನಿಜ ಕಥೆಯೂ ಏನು ಕಡಿಮೆಯಿಲ್ಲ. ನೆಲದೊಳಗೆ ಬಿಳಿ ನೂಲಿನಂಥ ಎಳೆಗಳು ನಡುವಿನಿಂದ ಹೊರಕ್ಕೆ ಹರಡುತ್ತ ಹೋಗುತ್ತವೆ. ಹಿಂದಿನದು ಸಾಯುತ್ತದೆ, ಅಂಚು ಮಾತ್ರ ಬದುಕುತ್ತದೆ, ಅಂಚಿನಲ್ಲೇ ಅಣಬೆ ಏಳುತ್ತದೆ. ನನ್ನ ಚೀಲದಲ್ಲಿ ಎಂಟು ವರ್ಷದ ಹಿಂದಿನ ಒಂದು ಫೋಟೋ ಇತ್ತು. ಅದರಲ್ಲಿ ಬಳೆ ಪೂರ್ತಿ ಇತ್ತು, ಎಲ್ಲಿಯೂ ಮುರಿದಿರಲಿಲ್ಲ. ಆಗ ನಡುವಿನಿಂದ ಅಂಚಿಗೆ ಇಪ್ಪತ್ತಮೂರು ಗೇಣು. ಇವತ್ತು ಅಳೆದರೆ ಮೂವತ್ತೊಂದು. ವರ್ಷಕ್ಕೊಂದು ಗೇಣು.

ಹುರಿದ ಮಣ್ಣು ಇರುವ ಜಾಗದಿಂದ ಇವತ್ತಿನ ಅಂಚಿನವರೆಗೆ ಗೇಣು ಹಾಕಿದೆ. ಏಳು.

ಇನ್ನೊಮ್ಮೆ ಹಾಕಿದೆ. ಏಳೇ.

"ಏಳು ವರ್ಷದ ಹಿಂದೆ ಇಲ್ಲಿ ಅಗೆದಿದಾರೆ," ಎಂದೆ. "ಆಗ ಬಳೆಯ ಅಂಚು ಸರಿಯಾಗಿ ಇಲ್ಲೇ ಇತ್ತು, ಅದಕ್ಕೇ ಮುರೀತು."

ಹುಡುಗಿ ಬೆರಳಿನ ಹುಲ್ಲು ಬಿಚ್ಚಿದಳು. "ಅಮ್ಮ ಹೋಗಿದ್ದು ಒಂಬತ್ತು ವರ್ಷದ ಹಿಂದೆ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಗುಂಡಿಯಲ್ಲಿ ಇರುವುದು ಅವಳಮ್ಮನಾದರೆ, ಕಾಣೆಯಾದ ಮೇಲೆ ಎರಡು ವರ್ಷ ಅವಳು ಎಲ್ಲೋ ಬದುಕಿದ್ದಳು. ಅವಳಲ್ಲದಿದ್ದರೆ ಮತ್ತೆ ಯಾರು?

ಮಣ್ಣನ್ನು ಹುರಿದವರು ಯಾರೆಂದು ಮಾತ್ರ ನನಗೆ ಗೊತ್ತಿತ್ತು. ಅದಕ್ಕೆ ಪತ್ತೇದಾರಿಕೆ ಬೇಕಿರಲಿಲ್ಲ, ಮೂಗಿದ್ದರೆ ಸಾಕಿತ್ತು. ಹುಲ್ಲುಹಾಸಿನ ಮೂಲೆಯ ಶೆಡ್ಡಿನಿಂದ ಅದೇ ವಾಸನೆ ಆಗಲೂ ಬರುತ್ತಿತ್ತು.

ಶೆಡ್ಡಿನ ಒಳಗೆ ಬೆಚ್ಚಗಿತ್ತು. ಹುಲ್ಲು ಕತ್ತರಿಸುವ ಯಂತ್ರ, ನೆಲ ತಟ್ಟುವ ರೋಲರು, ಗೋಡೆಗೆ ನೇತುಹಾಕಿದ ಜರಡಿಗಳು, ಎಲ್ಲವೂ ಒರೆಸಿಟ್ಟ ಹಾಗಿದ್ದವು. ಇಟ್ಟಿಗೆಯ ಒಲೆಯ ಮೇಲೆ ಅಗಲವಾದ ತಗಡು. ಹಸಿರಜ್ಜ ಅದರ ಮೇಲೆ ಮಣ್ಣು ಹರಡಿ, ಮರದ ಹುಟ್ಟಿನಿಂದ ನಿಧಾನವಾಗಿ ಮಗುಚುತ್ತಿದ್ದ. ಹೊಸ ಹುಲ್ಲು ಬಿತ್ತುವ ಮುಂಚೆ ಮಣ್ಣಿನಲ್ಲಿರುವ ಕಳೆಯ ಬೀಜ ಸಾಯಲಿ ಎಂದು ಹುರಿಯುತ್ತಾನೆ. ಐವತ್ತು ವರ್ಷದಿಂದ ಹುರಿಯುತ್ತಿದ್ದಾನೆ.

ಹುಡುಗಿಯನ್ನು ಕಂಡದ್ದೇ ಅವನ ಮುಖ ಅರಳಿತು. ಮೂಗಿನ ಮೇಲಿದ್ದ ದಪ್ಪ ಕನ್ನಡಕ ಅವಳೇ ಎರಡು ವರ್ಷದ ಹಿಂದೆ ಮಾಡಿಕೊಟ್ಟದ್ದು. ಅದು ಬರುವ ತನಕ ಅಜ್ಜ ಹುಲ್ಲನ್ನು ಕೈಯಲ್ಲಿ ಸವರಿಯೇ ಕತ್ತರಿಸುತ್ತಿದ್ದನಂತೆ. ಅವಳು ಅಭ್ಯಾಸಬಲದಿಂದ ಅದನ್ನು ಅವನ ಮೂಗಿನಿಂದ ತೆಗೆದು, ಒರೆಸಿ, ಮತ್ತೆ ಹಾಕಿದಳು.

ನಾನು ಕಾಗದದಲ್ಲಿ ಕಟ್ಟಿತಂದ ಮಣ್ಣನ್ನು ಅವನ ತಗಡಿನ ಪಕ್ಕ ಬಿಚ್ಚಿಟ್ಟೆ. ಅದೇ ಬಣ್ಣ, ಅದೇ ಪುಡಿ.

ಅಜ್ಜ ನೋಡಿದ. ಮಗುಚುವುದನ್ನು ನಿಲ್ಲಿಸಲಿಲ್ಲ.

ನಾನು ಸುತ್ತುಬಳಸಿ ಮಾತಾಡುವವಳಲ್ಲ. ಬೇರೆ ಯಾರೇ ಆಗಿದ್ದರೂ ತೆಗೆದ ಮಣ್ಣನ್ನೇ ಗುಂಡಿಗೆ ನೂಕಿ ಮೇಲೆ ಹುಲ್ಲು ಹೊದಿಸಿ ಹೋಗುತ್ತಿದ್ದರು, ಒಂದೆರಡು ಮಳೆಗಾಲದಲ್ಲಿ ಎಳೆಗಳು ಮತ್ತೆ ಹೆಣೆದುಕೊಂಡು ಬಳೆ ಕೂಡಿಕೊಳ್ಳುತ್ತಿತ್ತು, ನಾನು ಇಲ್ಲಿಗೆ ಬಂದು ಮಂಡಿ ಒದ್ದೆ ಮಾಡಿಕೊಂಡು ಬರಿಗೈಯಲ್ಲಿ ಹೋಗುತ್ತಿದ್ದೆ ಎಂದು ಹೇಳಿದೆ. ಹುರಿದ ಮಣ್ಣು ಹಾಕಿದ್ದಕ್ಕೇ ಅಲ್ಲಿ ಮಾತ್ರ ಬಳೆ ಸತ್ತಿತು.

ಬೆಂಕಿಯಲ್ಲಿ ಒಂದು ಕೊರಡು ಸಿಡಿಯಿತು.

"ಹಳೇ ಮಣ್ಣೇ ತುಂಬಿದ್ರೆ ಕಳೆ ಬರುತ್ತಲ್ಲಮ್ಮ," ಎಂದ ಕೊನೆಗೆ. "ಹಾಗೇ ಬಿಡೋಕೆ ಮನಸ್ಸು ಬರಲಿಲ್ಲ."

ಹುಡುಗಿ ರೋಲರಿನ ಹಿಡಿಯನ್ನು ಹಿಡಿದುಕೊಂಡಳು. "ಅದರೊಳಗೆ ಅಮ್ಮ ಇದಾಳಾ, ಅಜ್ಜ?"

"ಇಲ್ಲ, ಪುಟ್ಟಿ."

"ಮತ್ತೆ?"

"ನಿಮ್ಮಮ್ಮನೇ ಬಂದಿದ್ಲು. ಅವಳೇ ಅಗಿ ಅಂದ್ಲು."

ಹುಡುಗಿಯ ಮುಖದಲ್ಲಿ ಏನೇನು ಹಾದುಹೋಯಿತೋ ನನಗೆ ಬರೆಯಲು ಬರುವುದಿಲ್ಲ. ಸಂತೋಷ ಬಂತು, ಅದರ ಬೆನ್ನಿಗೇ ನೋವು ಬಂತು, ಎರಡೂ ಒಟ್ಟಿಗೆ ಉಳಿದುಕೊಂಡವು.

ಅಜ್ಜ ಹುಟ್ಟು ಕೆಳಗಿಟ್ಟು ಹೇಳುತ್ತ ಹೋದ. ಏಳು ವರ್ಷದ ಹಿಂದೆ, ಬೆಳಕು ಹರಿಯುವ ಹೊತ್ತು, ಮಂಜಿನಲ್ಲಿ ಯಾರೋ ಬಾಗಿಲು ತಟ್ಟಿದರು. ನರ್ಸಿನ ಬಿಳಿ ಬಟ್ಟೆ, ಚಳಿಗೆ ಮುಖದ ತುಂಬ ಸುತ್ತಿದ ಮಫ್ಲರು. 'ಅಜ್ಜ, ನಾನು' ಎಂದು ಪಿಸುಗುಟ್ಟಿದಳು. ಅವನಿಗೆ ಕಿನ್ನರಿ ಬಳೆಯಿಂದಲೇ ಎದ್ದು ಬಂದಳೇನೋ ಅನ್ನಿಸಿ ಮೈ ಜುಮ್ಮೆಂದಿತಂತೆ. ಬಟ್ಟೆ ಒಗೆಯುವವರ ತಳ್ಳುಗಾಡಿ ತಂದಿದ್ದಳು. ಅದರಲ್ಲಿ ಹಾಸಿಗೆಯ ಬಟ್ಟೆಯಲ್ಲಿ ಸುತ್ತಿದ ಒಂದು ಉದ್ದನೆಯದು, ಭಾರದ್ದು. ಏನೆಂದು ಕೇಳಬೇಡ, ಕೇಳಿದರೆ ನನ್ನ ಮಗಳಿಗೆ ಕೇಡು ಎಂದಳು. ಅವನು ಕೇಳಲಿಲ್ಲ, ಬಿಚ್ಚಿಯೂ ನೋಡಲಿಲ್ಲ. ಬಳೆಯ ಅಂಚಿನಲ್ಲಿ ಅಗೆದರೆ ಯಾರೂ ಹತ್ತಿರ ಬರುವುದಿಲ್ಲ, ಎಲ್ಲರಿಗೂ ಅವನ ಕಥೆಗಳ ಭಯ ಇದೆಯಲ್ಲ.

"ನನ್ನನ್ನ ನೋಡಿದ್ಲಾ?" ಎಂದಳು ಹುಡುಗಿ. ಗುಂಡಿಯಲ್ಲಿ ಯಾರಿದ್ದಾರೆಂದು ಅವಳು ಕೇಳಲೇ ಇಲ್ಲ.

"ಹೂಂ. ಈ ಕಿಟಕಿಯಿಂದ. ನೀನು ಸುತ್ತು ಹಾಕ್ತಿದ್ದೆ."

"ಕರೀಲಿಲ್ಲ."

"ಕರೀಬಾರದು ಅಂತ ಬಾಯಿಗೆ ಬಟ್ಟೆ ತುರುಕಿಕೊಂಡಿದ್ಲು, ಪುಟ್ಟಿ."

ಹುಡುಗಿ ರೋಲರಿನ ಮೇಲೇ ಕುಸಿದು ಕುಳಿತಳು. ಅತ್ತಳು. ಇಷ್ಟು ದಿನ ಅವಳ ಜೊತೆ ಓಡಾಡಿದ್ದೇನೆ, ಅತ್ತದ್ದನ್ನು ಇವತ್ತೇ ನೋಡಿದ್ದು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತೆ, ಆ ಕೈಗೆ ಬೇರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಅಜ್ಜ ಬೀಜದ ಡಬ್ಬದಿಂದ ಕೆಲವು ಕಾಗದ ತೆಗೆದ. ಅವತ್ತಿನಿಂದ ವರ್ಷಕ್ಕೊಂದು ಕಾಗದ ಬರುತ್ತಿತ್ತು, ಹೆಸರಿಲ್ಲ, ಊರಿಲ್ಲ, ಮಗಳು ಹೇಗಿದ್ದಾಳೆ ಎಂದು ಎರಡೇ ಸಾಲು; ಹಳೆಯವನ್ನು ಅವನು ಓದಿದ್ದು ಕನ್ನಡಕ ಬಂದಮೇಲೆಯೇ ಅಂತೆ. ಕೊನೆಯದು ಬಂದದ್ದು ಮೊನ್ನೆ. ಮಗಳು ದೊಡ್ಡವಳಾದಳು, ಇನ್ನು ಎಲ್ಲ ಹೇಳುತ್ತೇನೆ, ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ, ಅಲ್ಲಿಯತನಕ ಯಾರೂ ನೆಲ ಮುಟ್ಟದ ಹಾಗೆ ನೋಡಿಕೋ. ಬರುವ ತಾರೀಖು ನಾಳೆಯದು.

"ಇವತ್ತು ಅಗೆದ್ರೆ ನಾಳೆ ಅವಳು ಇಳಿದ ತಕ್ಷಣ ಹಿಡಿದುಕೊಂಡು ಹೋಗ್ತಾರೆ," ಎಂದ ಅಜ್ಜ ನನ್ನ ಕಡೆ ತಿರುಗಿ. "ಒಂಬತ್ತು ವರ್ಷ ಕಾದ ಮಗು ಇದು, ತಾಯಿ."

ನನಗೆ ಕಾನೂನು ಗೊತ್ತಿಲ್ಲದೆ ಇಲ್ಲ. ಹೆಣವೊಂದು ಹುಲ್ಲಿನಡಿ ಮಲಗಿದೆ, ಅದಕ್ಕೂ ಒಬ್ಬ ಅಮ್ಮನೋ ಮಗಳೋ ಇರಬಹುದು. ಹಾಗೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಲ್ಲಿ ತಮ್ಮ ನಿಂತಿದ್ದ, ಹಿಂದೆ ಪೇದೆಗಳು.

"ಅಕ್ಕ, ನಿನ್ನ ಗೇಣು ಆಟ ಮುಗೀತಾ? ಎಲ್ಲಿ ಅಗೀಲಿ, ಹೇಳು."

ನಾನು ಉತ್ತರಿಸುವ ಮುಂಚೆ ಹುಡುಗಿ ಎದ್ದಳು. ಕಣ್ಣು ಒರೆಸಿಕೊಂಡಿದ್ದಳು, ಕಾಗದವನ್ನು ಜೇಬಿಗೆ ಸೇರಿಸಿದ್ದಳು.

"ಉತ್ತರಕ್ಕೆ, ಸಾರ್," ಎಂದಳು. "ಬಳೆಯ ಒಳಗಡೆ, ಆ ನಲ್ಲಿಯಿಂದ ನೇರಕ್ಕೆ ಹತ್ತು ಹೆಜ್ಜೆ. ಆಂಟಿ ಈಗಷ್ಟೇ ಅಳೆದು ಹೇಳಿದ್ರು."

ಮುರಿದ ಜಾಗ ದಕ್ಷಿಣಕ್ಕಿತ್ತು. ಅವಳು ತೋರಿಸಿದ್ದು ಅದರ ತೀರ ಎದುರು ದಿಕ್ಕು. ತಮ್ಮ ನನ್ನನ್ನು ನೋಡಿದ. ಹುಡುಗಿ ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದಳು.

ಮೂವತ್ತು ವರ್ಷದಲ್ಲಿ ಒಂದು ಗೆರೆಯನ್ನೂ ಸುಳ್ಳು ಎಳೆದವಳಲ್ಲ ನಾನು.

"ಹೂಂ," ಎಂದೆ. "ಅಲ್ಲೇ."

ಮಂಜು ಸ್ವಲ್ಪ ಸರಿದು ಬಿಸಿಲು ಹಾಲಿನಷ್ಟು ತೆಳ್ಳಗೆ ಬಿದ್ದಿತ್ತು. ವರಾಂಡದ ಕಂಬಳಿಗಳೆಲ್ಲ ಎದ್ದು ಕುಳಿತವು. ಯಾರೋ ರೋಗಿ ಸಣ್ಣಗೆ ಏನೋ ಗುನುಗುತ್ತಿದ್ದಳು, ಅದು ಬಳೆಯ ಒಳಗಿನಿಂದಲೇ ಬಂದ ಹಾಗೆ ಕೇಳಿಸಿತು. ಪೇದೆಗಳು ಹುಲ್ಲನ್ನು ಚೌಕ ಚೌಕವಾಗಿ ಕತ್ತರಿಸಿ ಎತ್ತಿದರು. ಇಂಥ ಹೊತ್ತಿನಲ್ಲೂ ಅಜ್ಜನಿಗೆ ತಡೆಯಲಾಗಲಿಲ್ಲ, ಬೇರು ಕೆಳಗೆ ಮಾಡಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ ಎಂದು ಅವರ ಹಿಂದೆಯೇ ಸುತ್ತಿದ.

ಏನೂ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಧ್ಯಾಹ್ನವಾಗುತ್ತದೆ, ಗುಂಡಿ ಮುಚ್ಚುತ್ತಾರೆ, ತಮ್ಮ ಒಂದು ವಾರ ನನ್ನೊಂದಿಗೆ ಮಾತು ಬಿಡುತ್ತಾನೆ. ನಾಳೆ ಬೆಳಗ್ಗೆ ಈ ಹುಡುಗಿ ಬಸ್ಸಿನ ಹತ್ತಿರ ನಿಂತು ಅಮ್ಮನ ಮುಖ ನೋಡುತ್ತಾಳೆ. ಆಮೇಲೆ ನಾನೇ ಠಾಣೆಗೆ ಹೋಗಿ ತಪ್ಪು ಒಪ್ಪಿಕೊಂಡರಾಯಿತು. ಹೀಗೆಲ್ಲ ಲೆಕ್ಕ ಹಾಕುತ್ತ ನಿಂತಿದ್ದೆ.

ಗುಂಡಿ ಸೊಂಟದಷ್ಟು ಆಳವಾದಾಗ ಪೇದೆಯೊಬ್ಬ ಗುದ್ದಲಿ ಎತ್ತಿದವನು ಹಾಗೇ ನಿಂತ.

ತಮ್ಮ ಗುಂಡಿಗೆ ಇಳಿದ. ಕೈಯಿಂದ ಮಣ್ಣು ಸರಿಸಿದ. ಕಪ್ಪು ಜಿಗುಟು ಮಣ್ಣು, ಬೇರು, ಎರೆಹುಳು. ಇಲ್ಲಿ ಹೂತವರು ತೆಗೆದ ಮಣ್ಣನ್ನೇ ವಾಪಸು ತುಂಬಿದ್ದರು. ಅದಕ್ಕೇ ಈ ಕಡೆ ಬಳೆ ಮುರಿದಿರಲಿಲ್ಲ. ಇದು ಹುಲ್ಲು ಬೆಳೆಸುವವರ ಕೈ ಅಲ್ಲ.

ಸರಿಸಿದ ಮಣ್ಣಿನ ಕೆಳಗೆ ಬಟ್ಟೆ ಕಂಡಿತು. ಬಟ್ಟೆಗೆ ಪಿನ್ನಿನಿಂದ ಚುಚ್ಚಿದ್ದ ಒಂದು ಗಡಿಯಾರ. ನರ್ಸುಗಳು ಎದೆಯ ಮೇಲೆ ತಲೆಕೆಳಗಾಗಿ ನೇತುಹಾಕಿಕೊಳ್ಳುವಂಥದು. ಬಟ್ಟೆಯ ಅಡಿಯಲ್ಲಿ ಇದ್ದದ್ದನ್ನು ನೋಡಿ ತಮ್ಮ ಟೋಪಿ ತೆಗೆದ.

ಹಸಿರಜ್ಜ ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದ. ಇದು ನನಗೆ ಗೊತ್ತಿಲ್ಲ, ಈ ಜಾಗದಲ್ಲಿ ನಾನು ಗುದ್ದಲಿ ಇಟ್ಟವನಲ್ಲ ಎಂದು ಯಾರೂ ಕೇಳದಿದ್ದರೂ ಹೇಳುತ್ತಲೇ ಇದ್ದ.

ಹುಡುಗಿ ಕೈ ಚಾಚಿದಳು. ತಮ್ಮ ಗಡಿಯಾರವನ್ನು ಕರವಸ್ತ್ರದಲ್ಲಿಟ್ಟು ತೋರಿಸಿದ. ಕೊಂಡಿ ಮುರಿದ ಕಡೆ ನೀಲಿ ದಾರದಿಂದ ಬಿಗಿದು ಗಂಟು ಹಾಕಿತ್ತು, ಮಕ್ಕಳು ಹಾಕುವ ದಪ್ಪ ಗಂಟು.

"ಇದು ನಾನು ಕಟ್ಟಿದ್ದು," ಎಂದಳು. "ಅಮ್ಮ ಹೋದ ದಿನ ಬೆಳಗ್ಗೆ. ಕೆಲಸಕ್ಕೆ ಹೊತ್ತಾಯ್ತು, ಬೇಗ ಕಟ್ಟು ಅಂತಿದ್ಲು."

ಅಂದರೆ ಅವಳಮ್ಮ ಮಣ್ಣು ಸೇರಿದ್ದು ಅವತ್ತೇ; ಏಳು ವರ್ಷದ ಹಿಂದೆ, ಕನ್ನಡಕವಿಲ್ಲದ ಅಜ್ಜ ಮಂಜಿನಲ್ಲಿ ಕಂಡದ್ದು ಒಂದು ಬಿಳಿ ಬಟ್ಟೆ, ಒಂದು ಮಫ್ಲರು ಮಾತ್ರ. ಅವಳು ಜೇಬಿಗೆ ಕೈಹಾಕಿ, ಮೊನ್ನೆ ಬಂದ ಕಾಗದವನ್ನು ಹೊರಗೆ ತೆಗೆದು ಅಜ್ಜನ ಮುಂದೆ ಹಿಡಿದಳು.

"ಹಾಗಾದ್ರೆ ನಾಳೆ ಬಸ್ಸಿಳಿದು ಬರೋರು ಯಾರು, ಅಜ್ಜ?"